ಗುದ್ದಲಿ ಹಿಡಿದು ಸಭೆಗೆ

ನಮ್ಮ ತರಗತಿಯಲ್ಲಿ ಎಲ್ಲದಕ್ಕೂ ಎರಡು ಹೆಸರು. ಕೆಂಪು ಚೀಟಿಯಲ್ಲಿ ಸ್ಪ್ಯಾನಿಷ್, ನೀಲಿ ಚೀಟಿಯಲ್ಲಿ ಇಂಗ್ಲಿಷ್. ಬಾಗಿಲಿಗೆ ಎರಡು, ಕಿಟಕಿಗೆ ಎರಡು, ಕೈ ತೊಳೆಯುವ ತೊಟ್ಟಿಗೆ ಎರಡು. ಕಸದ ಡಬ್ಬಿಗೂ ಎರಡು ಭಾಷೆಯಲ್ಲಿ ಮರ್ಯಾದೆ. ದೂರದೂರದಿಂದ ಜನ ಬಂದು ನೋಡುತ್ತಾರೆ. ಇಡೀ ಕ್ಯಾಲಿಫೋರ್ನಿಯಾದಲ್ಲೇ ಇಂಥ ಶಾಲೆ ಇಲ್ಲ ಅಂತ ಹೊಗಳಿ, ಕಾಫಿ ಕುಡಿದು ಹೋಗುತ್ತಾರೆ.

ನಮ್ಮ ಮಾತಿಗೆ ಚೀಟಿ ಇಲ್ಲ. ಬಣ್ಣವೂ ಇಲ್ಲ.

ನಾನು ಮಕ್ರೀನಾ, ಆ ತರಗತಿಯ ಆಯಾ. ಮಕ್ಕಳ ಮೂಗು ಒರೆಸುತ್ತೇನೆ, ಮೇಜು ಒರೆಸುತ್ತೇನೆ, ಉಚ್ಚೆ ಹೊಯ್ದುಕೊಂಡರೆ ಚಡ್ಡಿ ಬದಲಿಸುತ್ತೇನೆ. ಅದಕ್ಕೂ ಮುಂಚೆ ಸ್ಟ್ರಾಬೆರಿ ಕೀಳುತ್ತಿದ್ದೆ. ಅದು ನೆಲಕ್ಕೆ ಅಂಟಿಕೊಂಡು ಬಿಡುವ ಹಣ್ಣು. ಕತ್ತಲಲ್ಲೇ ಹೊಲಕ್ಕೆ ಇಳಿದು ಸೊಂಟ ಬಗ್ಗಿಸಿದರೆ ಪೆಟ್ಟಿಗೆ ತುಂಬುವ ತನಕ ಎತ್ತುವಂತಿಲ್ಲ. ತುಂಬಿದ ಪೆಟ್ಟಿಗೆ ಹೊತ್ತು ಓಡಬೇಕು, ಖಾಲಿ ಪೆಟ್ಟಿಗೆ ಹಿಡಿದು ಮತ್ತೆ ಓಡಿ ಬರಬೇಕು. ಒಂದು ದಿನ ನನ್ನ ಸೊಂಟ ಬಗ್ಗಿದ್ದು ಏಳಲೇ ಇಲ್ಲ. ಮೇಸ್ತ್ರಿ ನನ್ನ ಪೆಟ್ಟಿಗೆ ಕಿತ್ತುಕೊಂಡು ಮನೆಗೆ ನಡಿ ಅಂದ. ಆಮೇಲೆ ಈ ಕೆಲಸ ಸಿಕ್ಕಿತು. ನೆರಳಿನ ಕೆಲಸ ಅಂತ ನಮ್ಮ ಹೆಂಗಸರೆಲ್ಲ ಹೊಟ್ಟೆ ಉರಿದುಕೊಂಡರು.

ಆ ಸ್ಟ್ರಾಬೆರಿ ಹೊಲಗಳಲ್ಲಿ ಹಣ್ಣು ಕೀಳುವವರಲ್ಲಿ ಹೆಚ್ಚಿನವರು ನಾವೇ, ಮೆಕ್ಸಿಕೊದ ಓಅಹಾಕಾ ಗುಡ್ಡಗಳಿಂದ ಬಂದವರು. ನಮ್ಮ ಮಾತಿಗೆ ನಾವು ಮಳೆಯ ಮಾತು ಅನ್ನುತ್ತೇವೆ. ಸ್ಪ್ಯಾನಿಷ್ ಆಡುವ ಮೆಕ್ಸಿಕೊದವರಿಗೆ ಅದು ಭಾಷೆಯೇ ಅಲ್ಲ, ಕಾಡುಹರಟೆ. ಅವರ ಬಾಯಲ್ಲಿ ನಾವು ಗುಡ್ಡದ ಕುಳ್ಳರು. ಬಿಳಿಯರ ಕಣ್ಣಿಗೆ ಎಲ್ಲರೂ ಒಂದೇ, ಮೆಕ್ಸಿಕೊದವರು. ಮೆಕ್ಸಿಕೊದವರ ಕಣ್ಣಿಗೆ ಮಾತ್ರ ನಾವು ಅವರ ಪೈಕಿ ಅಲ್ಲ.

ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ಶುದ್ಧ ಸುಳ್ಳು. ನಾನು ಮಳೆಯ ಮಾತು ಬಲ್ಲೆ, ಸ್ಪ್ಯಾನಿಷ್ ಬಲ್ಲೆ, ಹೊಟ್ಟೆಪಾಡಿಗೆ ಬೇಕಾದಷ್ಟು ಇಂಗ್ಲಿಷನ್ನೂ ಬಲ್ಲೆ. ನನಗೆ ಮೂರು ಪಟ್ಟು ಜಗಳ.

ಆ ವರ್ಷ ಜೆನಾಯಿದಾ ಬಂದಳು. ಲಿಬ್ರಾದಾಳ ಮಗಳು, ಆರು ವರ್ಷದವಳು. ಹುಟ್ಟಿದಾಗಿನಿಂದ ಗುಡ್ಡದಲ್ಲಿ ಅಜ್ಜಿಯ ಹತ್ತಿರ ಆಡು ಕಾಯ್ದುಕೊಂಡು ಇದ್ದವಳು. ಅಜ್ಜಿ ಸತ್ತ ಮೇಲೆ ಯಾರೋ ನೆಂಟರು ಕರೆತಂದು ತಾಯಿಯ ಮಡಿಲಿಗೆ ಹಾಕಿದರು. ಲಿಬ್ರಾದಾ ಸ್ಟ್ರಾಬೆರಿ ಕೀಳುತ್ತಾಳೆ. ಗಂಡ ಉತ್ತರದ ಕಡೆ ಸೇಬು ಕೀಳಲು ಹೋದವನು, ಬಂದರೆ ಬಂದ ಇಲ್ಲದಿದ್ದರೆ ಇಲ್ಲ. ಅವಳಿಗೆ ಲೋಕದಲ್ಲಿ ಇರುವುದು ಈ ಒಂದು ಕೂಸು. 'ನನ್ನ ಸೊಂಟ ಹೋದ್ರೆ ಹೋಗ್ಲಿ, ಇವಳು ಮಾತ್ರ ಹೊಲಕ್ಕೆ ಇಳೀಬಾರ್ದು ಮಕ್ರೀನಾ' ಅಂತ ಮೊದಲ ದಿನವೇ ನನ್ನ ಕೈ ಹಿಡಿದು ಹೇಳಿದ್ದಳು.

ತರಗತಿಯ ಟೀಚರ್ ಅರೆಯಾನೊ. ಒಳ್ಳೆಯ ಹೆಂಗಸು. ಕೆಟ್ಟವಳಾಗಿದ್ದರೆ ನನಗೆ ಸುಲಭವಾಗುತ್ತಿತ್ತು, ಬೈದು ಸುಮ್ಮನಾಗಬಹುದಿತ್ತು. ಅವಳ ತಂದೆತಾಯಿಯೂ ಮೆಕ್ಸಿಕೊದಿಂದ ಬಂದವರೇ. ಜೆನಾಯಿದಾಳ ಮುಂದೆ ಮಂಡಿಯೂರಿ ಕೂತು, ಸ್ಪ್ಯಾನಿಷಿನಲ್ಲಿ, ಬೆಣ್ಣೆಯಂಥ ದನಿಯಲ್ಲಿ ಕೇಳುತ್ತಿದ್ದಳು.

"ಹೆದರ್ಕೋಬೇಡ ಪುಟ್ಟಿ. ನಿನ್ನ ಭಾಷೆಯಲ್ಲೇ ಕೇಳ್ತಿದೀನಿ. ಇದೇನು ಹೇಳು?"

ಕೈಯಲ್ಲಿ ಒಂದು ಸೇಬು. ಮಗು ನೆಲ ನೋಡುತ್ತಿತ್ತು. ನಮ್ಮಲ್ಲಿ ಮಕ್ಕಳು ದೊಡ್ಡವರ ಮುಖ ದಿಟ್ಟಿಸಿ ನೋಡುವುದಿಲ್ಲ. ನೋಡಿದರೆ ಏಟು ಬೀಳುತ್ತವೆ. ಟೀಚರ್ ನನ್ನ ಕಡೆ ತಿರುಗಿ ತಲೆ ಅಲ್ಲಾಡಿಸಿದಳು.

ಅದೇ ಮಗುವನ್ನು ಪಾಯಿಖಾನೆಗೆ ಕರೆದೊಯ್ದರೆ ಬಾಯಿ ಮುಚ್ಚಿಸುವುದು ಕಷ್ಟ.

"ಅತ್ತೆ, ಆ ಟೀಚರಿಗೆ ಸೇಬು ಗೊತ್ತಿಲ್ವಾ?"

"ಯಾಕೇ?"

"ದಿನಾ ಇದೇನು ಇದೇನು ಅಂತ ಕೇಳ್ತಾರಲ್ಲ. ಪಾಪ. ಅವರಮ್ಮ ಹೇಳ್ಕೊಟ್ಟಿಲ್ವೇನೋ."

"ಹಂಗಾದ್ರೆ ನೀನೇ ಹೇಳ್ಬಿಡು."

"ದೊಡ್ಡೋರಿಗೆ ನಾನು ಪಾಠ ಹೇಳೋದಾ? ಅಜ್ಜಿ ಇದ್ದಿದ್ರೆ ಬಾಯಿಗೆ ಮೆಣಸಿನಕಾಯಿ ತುರುಕ್ತಿದ್ಳು."

ನಾನು ಗೋಡೆಗೆ ಒರಗಿ ನಕ್ಕೆ. ಗೊತ್ತಿರುವುದನ್ನೇ ಕೇಳುವ ದೊಡ್ಡವರನ್ನು ಆ ಕೂಸು ಊರಲ್ಲಿ ಕಂಡಿರಲಿಲ್ಲ. ಗೊತ್ತಿದ್ದೂ ಕೇಳಿದರೆ ಅದು ಬೈಗುಳದ ಪೀಠಿಕೆ, ಬಾಯಿ ಬಿಡಬಾರದು. ಅವಳ ಲೆಕ್ಕ ಸರಿಯಾಗಿಯೇ ಇತ್ತು.

ಕೈ ತೊಳೆಯುವಷ್ಟರಲ್ಲಿ ಒಂದು ಕಥೆ ಮುಗಿಸುತ್ತಿದ್ದಳು. ಕುಂಟ ಆಡೊಂದು ಹಳ್ಳ ದಾಟಲು ಒಪ್ಪದೆ ಅಜ್ಜಿಯನ್ನೇ ನೀರಿಗೆ ಕೆಡವಿದ್ದು, ಒದ್ದೆ ಲಂಗ ಹಿಂಡುತ್ತಾ ಅಜ್ಜಿ ಆಡಿನ ವಂಶವನ್ನೆಲ್ಲ ಬೈದದ್ದು. ಆಡಿನ ದನಿ ಬೇರೆ, ಅಜ್ಜಿಯ ದನಿ ಬೇರೆ. ಮಿಕ್ಕ ಮಕ್ಕಳು ಅರ್ಥವಾಗದಿದ್ದರೂ ಸುತ್ತ ನಿಂತು ನಗುತ್ತಿದ್ದರು.

ಒಂದು ದಿನ ಟೀಚರ್ ಕೇಳಿಸಿಕೊಂಡಳು. ನನ್ನನ್ನು ಪಕ್ಕಕ್ಕೆ ಕರೆದಳು.

"ಮಕ್ರೀನಾ, ದಯವಿಟ್ಟು ಇಲ್ಲಿ ಆ ಮಾತು ಬೇಡ. ಮೊದಲೇ ಎರಡು ಭಾಷೆ. ಮೂರನೇದನ್ನೂ ತುರುಕಿದ್ರೆ ಮಗು ತಲೆ ಕೆಡುತ್ತೆ."

"ಟೀಚರ್, ಅವಳಿಗೆ ಅದೇ ಮೊದಲನೇದು."

"ನಂಗೆ ಅರ್ಥ ಆಗುತ್ತೆ. ನಮ್ಮಮ್ಮ ಶಾಲೆಯಲ್ಲಿ ಸ್ಪ್ಯಾನಿಷ್ ಆಡಿದ್ಳು ಅಂತ ಅವಳ ಬಾಯಿಗೆ ಸೋಪು ಹಾಕಿ ತೊಳೆದಿದ್ರು. ಆ ನೋವು ಏನು ಅಂತ ನಂಗೊತ್ತು. ಅದಕ್ಕೇ ಈ ಶಾಲೆಗೆ ಇಷ್ಟು ಹೋರಾಡಿದ್ದು."

ಹೇಳುವಾಗ ಅವಳ ಕಣ್ಣು ಒದ್ದೆಯಾಗಿತ್ತು, ನಟನೆಯಲ್ಲ. ತನ್ನ ತಾಯಿಯ ಬಾಯಿಗೆ ಬಿದ್ದ ಸೋಪು ಅವಳಿಗೆ ನೆನಪಿತ್ತು. ಈಗ ಅದೇ ಸೋಪು ತನ್ನ ಕೈಯಲ್ಲಿದೆ ಅಂತ ಮಾತ್ರ ಹೊಳೆಯಲಿಲ್ಲ. ನನಗೆ ಈ ಕೆಲಸ ಬೇಕಿತ್ತು. ಆಯಿತು ಅಂದೆ. ಅಲ್ಲಿಂದಾಚೆ ನಾವಿಬ್ಬರೂ ಪಾಯಿಖಾನೆಯ ಬಾಗಿಲು ಹಾಕಿಕೊಂಡು ಪಿಸುಗುಡುತ್ತಿದ್ದೆವು.

ಚಳಿ ಮುಗಿಯುವ ಹೊತ್ತಿಗೆ ಮೇಲಿನ ಕಚೇರಿಯಿಂದ ಒಬ್ಬ ಹೆಂಗಸು ಚಿತ್ರಗಳ ಕಟ್ಟು ಹಿಡಿದು ಬಂದಳು. ಜೆನಾಯಿದಾಳನ್ನು ಎದುರಿಗೆ ಕೂರಿಸಿಕೊಂಡು ಇಂಗ್ಲಿಷಿನಲ್ಲಿ ಕೇಳಿದಳು. ನಾಯಿ, ಚಮಚ, ಛತ್ರಿ. ಮಗು ನೆಲ ನೋಡಿತು. ಸ್ಪ್ಯಾನಿಷಿನಲ್ಲಿ ಕೇಳಿದಳು. ಮಗು ನೆಲ ನೋಡಿತು. ನಾನು ನೆಲ ಒರೆಸುವ ಕೋಲು ಹಿಡಿದು ಬಾಗಿಲಲ್ಲಿ ನಿಂತಿದ್ದೆ.

"ಮೇಡಂ, ನಮ್ಮ ಮಾತಲ್ಲಿ ನಾನು ಕೇಳ್ಲಾ?"

"ಅದರಲ್ಲಿ ಪರೀಕ್ಷೆ ಇಲ್ಲ."

"ಪರೀಕ್ಷೆ ಇಲ್ದಿದ್ರೆ ಮಾತೂ ಇಲ್ಲ ಅಂತಾನಾ?"

ಅವಳು ನಕ್ಕಳು. ಚಿತ್ರ ಜೋಡಿಸಿಕೊಂಡು ಟೀಚರಿಗೆ ಇಂಗ್ಲಿಷಿನಲ್ಲಿ ಹೇಳಿದಳು, "ಇಂಗ್ಲಿಷೂ ಇಲ್ಲ, ಸ್ಪ್ಯಾನಿಷೂ ಇಲ್ಲ. ಈ ಮಗುವಿಗೆ ಭಾಷೆಯೇ ಇಲ್ಲ."

ಎರಡು ಬಾಗಿಲು ಇಟ್ಟರು, ಎರಡಕ್ಕೂ ಬೀಗ ಜಡಿದರು, ಆಮೇಲೆ ಈ ಮಗುವಿಗೆ ನಡೆಯಲು ಬರುವುದಿಲ್ಲ ಅಂದರು. ಆ ಮಾತಿನ ಹಿಂದೆ ಏನಿದೆ ಅನ್ನುವುದು ನನಗೆ ಆಮೇಲೆ ತಿಳಿಯಿತು. ಆಟದ ಬಯಲಿನ ಆಚೆ, ಹಿಂದಿನ ಕಟ್ಟಡದಲ್ಲಿ ಒಂದು ಕೋಣೆ ಇದೆ. ಬುದ್ಧಿ ಬೆಳೆಯದ ಮಕ್ಕಳ ಕೋಣೆ ಅಂತ ಕರೆಯುತ್ತಾರೆ. ಅಲ್ಲಿ ಅಕ್ಷರ ಕಲಿಸುವುದಿಲ್ಲ. ಮಣಿ ಪೋಣಿಸುತ್ತಾರೆ, ಬಣ್ಣ ಬಣ್ಣದ ಕಟ್ಟಿಗೆ ತುಂಡು ಬೇರೆ ಮಾಡುತ್ತಾರೆ, ಕೂರುವುದನ್ನು ಕಲಿಸುತ್ತಾರೆ. ನಮ್ಮ ಮಕ್ಕಳು ಅದರೊಳಗೆ ಹೋದದ್ದನ್ನು ಕಂಡಿದ್ದೇನೆ. ಹೊರಗೆ ಬಂದದ್ದನ್ನು ಕಂಡಿಲ್ಲ. ಅಲ್ಲಿಂದ ಅವರು ನೇರ ಹೊಲಕ್ಕೆ ಹೋಗುತ್ತಾರೆ.

ಆ ವಾರವೇ ಲಿಬ್ರಾದಾಳ ಫೋನಿಗೆ ಕರೆ ಹೋಯಿತು. ಮನುಷ್ಯರಲ್ಲ, ಯಂತ್ರದ ದನಿ, ಸ್ಪ್ಯಾನಿಷಿನಲ್ಲಿ. ನಿಮ್ಮ ಮಗುವಿನ ಶಾಲೆಗೆ ನಿಮ್ಮ ಪಾಲ್ಗೊಳ್ಳುವಿಕೆ ಬೇಕಾಗಿದೆ, ಶುಕ್ರವಾರ ಮಧ್ಯಾಹ್ನ ಬನ್ನಿ. ನಮ್ಮವರ ಇನ್ನೂ ಮೂರು ಮನೆಗೆ ಅದೇ ಕರೆ. ಲಿಬ್ರಾದಾಳ ಸ್ಪ್ಯಾನಿಷ್ ಸಂತೆಯ ಸ್ಪ್ಯಾನಿಷ್, ಕೊಳ್ಳಲು ಬೈಯಲು ಸಾಕು. ಶಾಲೆ, ಶುಕ್ರವಾರ, ನೀವು ಬೇಕು ಅನ್ನುವಷ್ಟು ಅವಳಿಗೆ ತಿಳಿಯಿತು. ಹೊಲದಲ್ಲಿ ಉಳಿದವರನ್ನು ಕೂಗಿ ಹೇಳಿದಳು.

ನಮ್ಮ ಗುಡ್ಡದಲ್ಲಿ ಶಾಲೆಯಿಂದ ಕರೆ ಬಂದರೆ ಅದಕ್ಕೆ ಒಂದೇ ಅರ್ಥ. ಊರಗೆಲಸ. ನಾವು ತೇಕಿಯೊ ಅನ್ನುತ್ತೇವೆ. ಮನೆಗೊಬ್ಬರು ಗುದ್ದಲಿ ಸಲಿಕೆ ಹಿಡಿದು ಹೋಗಬೇಕು. ಕೂಲಿ ಇಲ್ಲ. ಅಲ್ಲಿನ ಶಾಲೆಗೆ ಕಲ್ಲು ಹೊತ್ತವರು ನಮ್ಮಪ್ಪಂದಿರು, ಗೋಡೆಗೆ ಸುಣ್ಣ ಬಳಿದವರು ನಮ್ಮವ್ವಂದಿರು. ಬಂದವರು ಹಾಜರಿಗೆ ಗುರುತು ಹಾಕಬೇಕು, ಬಾರದವನ ಮುಖ ಊರು ನೋಡುವುದಿಲ್ಲ. ಪಾಲಕರನ್ನು ಬರಿಗೈಯಲ್ಲಿ ಕರೆದು ಕುರ್ಚಿ ಕೊಟ್ಟು ಅಭಿಪ್ರಾಯ ಕೇಳುವ ಶಾಲೆ ಭೂಮಿಯ ಮೇಲಿದೆ ಅಂತ ಅವರಿಗೆ ಯಾರು ಹೇಳಿದ್ದರು?

ಶುಕ್ರವಾರ ಲಿಬ್ರಾದಾ ಅರ್ಧ ದಿನದ ಕೆಲಸ ಬಿಟ್ಟು ಬಂದಳು. ಗಿಡ ಮೈತುಂಬಾ ಹಣ್ಣು ಬಿಡುವ ಕಾಲ, ಮೇಸ್ತ್ರಿ ಅವಳ ತಾಯಿಯ ಹೆಸರು ಹಿಡಿದು ಬೈದನಂತೆ. ಮುಖ ತೊಳೆದು, ಜಡೆಗೆ ಹಸಿರು ಪಟ್ಟಿ ಕಟ್ಟಿ, ಹೆಗಲ ಮೇಲೆ ಸಲಿಕೆ ಇಟ್ಟುಕೊಂಡು ಬಂದಳು. ಕರೆ ಬಂದಿದ್ದ ಉಳಿದವರಲ್ಲಿ ಮುದುಕ ಅಬುಂದಿಯೊ ಕೈಗಾಡಿಯಲ್ಲಿ ಸುಣ್ಣದ ಚೀಲ ತಂದ. ಫಿದೆನ್ಸಿಯಾ ಗಂಡನ ಜೊತೆ ಗುದ್ದಲಿ, ಕುಡುಗೋಲು, ಬಟ್ಟೆಯಲ್ಲಿ ಸುತ್ತಿದ ಬಿಸಿ ರೊಟ್ಟಿ ತಂದಳು. ಎಲ್ಲರೂ ಮಡಿ ಅಂಗಿ ತೊಟ್ಟಿದ್ದರು.

ಕಾವಲಿನವನು ಕಂಡದ್ದು ಬೇರೆ. ಕಪ್ಪು ಮುಖ, ಕೈಯಲ್ಲಿ ಗುದ್ದಲಿ ಕುಡುಗೋಲು, ಶಾಲೆಯ ಗೇಟಿನತ್ತ ನಡೆದು ಬರುವ ಗುಂಪು.

ಗಂಟೆ ಹೊಡೆಯಿತು. ಅಪಾಯದ ಗಂಟೆ, ಯಾರಾದರೂ ಬಂದೂಕು ಹಿಡಿದು ಶಾಲೆಗೆ ನುಗ್ಗಿದರೆ ಹೊಡೆಯುವುದು. ಬಾಗಿಲಿಗೆ ಬೀಗ, ಕಿಟಕಿಗೆ ಪರದೆ, ದೀಪ ಆರಿಸಿ, ಮಕ್ಕಳನ್ನು ಮೇಜಿನ ಕೆಳಗೆ ಕೂರಿಸಿ ಉಸಿರೆತ್ತಬೇಡಿ. ಈ ದೇಶದ ಮಕ್ಕಳಿಗೆ ಇದು ರೂಢಿ, ಸರಸರ ತೂರಿಕೊಂಡರು. ಜೆನಾಯಿದಾ ನನ್ನ ತೊಡೆಯ ಮೇಲೆ ನಡುಗುತ್ತಿದ್ದಳು. ಯಾರೋ ಕೊಲ್ಲಲು ಬಂದಿದ್ದಾರೆ ಅಂತ ಪಕ್ಕದ ಹುಡುಗಿ ಸನ್ನೆ ಮಾಡಿ ತೋರಿಸಿದಳು. ನಾನೂ ಹೆದರಿದ್ದೆ, ಸುಳ್ಳೇಕೆ ಹೇಳಲಿ. ಮಗುವಿನ ಬಾಯಿ ನನ್ನ ಅಂಗೈಯಿಂದ ಮುಚ್ಚಿದ್ದೆ. ಹೊರಗೆ ಬಂದವಳು ಅವಳ ಹೆತ್ತ ತಾಯಿ ಅಂತ ನಮಗಿಬ್ಬರಿಗೂ ಗೊತ್ತಿರಲಿಲ್ಲ.

ಆಮೇಲೆ ಎಲ್ಲರೂ ನಕ್ಕರಂತೆ. ಪ್ರಿನ್ಸಿಪಾಲ್ ಹೋಲ್ಟ್ ಹೊರಗೆ ಬಂದು, ವಿಷಯ ತಿಳಿದು, ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ಕೆಲಸ ಮಾಡಲು ಬಂದಿದ್ದಾರೆ, ಎಂಥ ಜನ, ತಡೆಯಬೇಡಿ ಅಂದರಂತೆ. ಆಟದ ಬಯಲಿನ ಹಿಂದೆ ಆಳೆತ್ತರ ಕಳೆ ಬೆಳೆದಿತ್ತು. ಅದನ್ನು ತೋರಿಸಿದರು. ಫೋಟೋ ತೆಗೆದರು. ಒಳಗೆ ಹೋಗಿ ಸಭೆ ನಡೆಸಿದರು.

ಸಂಜೆ ಉಳಿದ ಮಕ್ಕಳನ್ನೆಲ್ಲ ಅವರವರ ಮನೆಯವರಿಗೆ ಒಪ್ಪಿಸಿ ನಾನು ಹಿಂದಕ್ಕೆ ಓಡಿದೆ. ನೆಲ ಕನ್ನಡಿಯಂತೆ ಮಾಡಿದ್ದರು. ಮರಗಳ ಬುಡಕ್ಕೆ ಸುಣ್ಣ ಹೊಡೆದಿದ್ದರು. ಬೆಳಗಿನಿಂದ ಹೊಲದಲ್ಲಿ ಬಗ್ಗಿದ್ದ ಸೊಂಟಗಳು ಇಲ್ಲಿ ಮತ್ತೆ ಬಗ್ಗಿದ್ದವು. ಬಿಟ್ಟಿಗೆ. ಗುಂಡಾಗಿ ಕೂತು ರೊಟ್ಟಿಗೆ ಚಟ್ನಿ ಹಚ್ಚಿಕೊಂಡು ತಿನ್ನುತ್ತಿದ್ದರು. ಜೆನಾಯಿದಾ ಓಡಿಹೋಗಿ ತಾಯಿಯ ಕೊರಳಿಗೆ ಬಿದ್ದಳು.

"ಬಾ ಮಕ್ರೀನಾ, ತಗೋ" ಅಂತ ಲಿಬ್ರಾದಾ ಒಂದು ರೊಟ್ಟಿ ಕೊಟ್ಟಳು. "ಎಂಥ ಜನಾನೇ ಇವರು? ಶಾಲೆ ಹಿತ್ತಲಲ್ಲಿ ಇಷ್ಟು ಕಳೆ ಬಿಡ್ತಾರಾ? ಈ ಊರೋರಿಗೆ ತೇಕಿಯೊ ಇಲ್ವಾ?"

"ಇವರಿಗೆ ಕಳೆ ಕೀಳೋಕೆ ನಾವಿದೀವಲ್ಲ" ಅಂದ ಅಬುಂದಿಯೊ. ಎಲ್ಲರೂ ನಕ್ಕರು.

"ನಗು ನಗು. ಇವತ್ತು ನಮ್ಮ ಬೆವರು ಈ ನೆಲಕ್ಕೆ ಬಿತ್ತು ಮಾವಾ. ಇನ್ಮೇಲೆ ನಮ್ಮ ಮಕ್ಕಳು ಇಲ್ಲಿ ಪರದೇಶಿಗಳಲ್ಲ." ಅವಳ ಮುಖ ಹಬ್ಬದ ಮುಖವಾಗಿತ್ತು. "ದೊಡ್ಡ ಮೇಷ್ಟ್ರು ಎಷ್ಟು ಒಳ್ಳೇರು ಗೊತ್ತಾ? ಅವರೇ ಹೊರಗೆ ಬಂದು ಹಾಜರಿ ತಗೊಂಡ್ರು. ಏನೋ ಕೇಳಿದ್ರು, ನಾನು ಹೂಂ ಹೂಂ ಅಂದೆ. ಒಂದು ಕಾಗದ ಕೊಟ್ರು, ಗುರುತು ಹಾಕ್ದೆ."

ನಾನು ರೊಟ್ಟಿ ಕೆಳಗಿಟ್ಟೆ. "ಯಾವುದಕ್ಕೆ ಗುರುತು?"

"ಕೆಲಸಕ್ಕೆ ಬಂದಿದ್ದಕ್ಕೆ. ಇನ್ಯಾವುದಕ್ಕೆ?"

ಕಚೇರಿಯತ್ತ ಓಡಿದೆ. ಬೀಗ ಹಾಕಿತ್ತು.

ಸೋಮವಾರ ಜೆನಾಯಿದಾಳ ಕುರ್ಚಿ ಖಾಲಿ. ಅವಳ ಚೀಲ ತೂಗುತ್ತಿದ್ದ ಮೊಳೆಯೂ ಖಾಲಿ. ನಾನು ಟೀಚರ್ ಎದುರು ನಿಂತೆ.

"ಅದು ಅವಳ ಒಳ್ಳೇದಕ್ಕೇ, ಮಕ್ರೀನಾ. ಆ ಹಿಂದಿನ ಕೋಣೆಯಲ್ಲಿ ಅವಳಿಗೆ ಹೆಚ್ಚು ಗಮನ ಸಿಗುತ್ತೆ. ಅವಳ ತಾಯಿನೇ ಒಪ್ಪಿದಾರೆ."

"ಯಾವಾಗ ಒಪ್ಪಿದ್ಳು?"

"ಶುಕ್ರವಾರ ಬಂದಿದ್ರಲ್ಲ."

"ಬಂದಿದ್ಳು ಟೀಚರ್. ಹೊರಗೆ ನಿಮ್ಮ ಕಳೆ ಕೀಳ್ತಿದ್ಳು. ನನ್ನನ್ನ ಒಂದು ಮಾತು ಕರೀಬಾರ್ದಿತ್ತಾ? ಹತ್ತು ಹೆಜ್ಜೆ ದೂರದಲ್ಲಿ ಇದ್ನಲ್ಲ ನಾನು."

ಅವಳು ಕೆಂಪು ಚೀಟಿಯೊಂದನ್ನು ಗೋಡೆಗೆ ಸರಿಯಾಗಿ ಅಂಟಿಸುತ್ತಾ ನಿಂತಳು. "ಅವರಿಗೆ ಸ್ಪ್ಯಾನಿಷ್ ಬರುತ್ತೆ ಅಂತ ದಾಖಲೆಯಲ್ಲಿದೆ" ಅಂದಳು.

ಅಂದು ಸಂಜೆ ಲಿಬ್ರಾದಾಳ ಮನೆಗೆ ಹೋದೆ. ಮನೆ ಅಂದರೆ ಯಾರದೋ ಕಾರು ನಿಲ್ಲಿಸುವ ಶೆಡ್ಡು, ಮಧ್ಯೆ ಬಟ್ಟೆ ಕಟ್ಟಿ ಎರಡು ಸಂಸಾರ. ಅವಳು ಬಕೆಟ್ಟಿನ ಉಪ್ಪುನೀರಿನಲ್ಲಿ ಕೈ ಅದ್ದಿಕೊಂಡು ಕೂತಿದ್ದಳು. ಉಗುರಿನ ಸಂದಿಗೆಲ್ಲ ಹಣ್ಣಿನ ಕೆಂಪು. ಮಗು ಗೋಡೆಯ ಕಡೆ ಮುಖ ಮಾಡಿ ಮಲಗಿತ್ತು. ನಾನು ಎಲ್ಲವನ್ನೂ ಹೇಳಿದೆ. ಅಡ್ಡಗೋಡೆಯ ಮೇಲೆ ದೀಪ ಇಡಲು ನನಗೆ ಬರುವುದಿಲ್ಲ.

ಅವಳು ಬಕೆಟ್ಟಿನಿಂದ ತಲೆ ಎತ್ತಿದಳು.

"ನಾನು ಹೊರಗೆ ಅಗೀತಿದ್ದಾಗ ಅವರು ಒಳಗೆ ಇದನ್ನೇ ಮಾತಾಡ್ತಿದ್ರಾ?"

"ಹೂಂ."

"ಗುರುತು ನಾನೇ ಹಾಕಿದ್ನಲ್ಲೇ. ಈ ಕೈಯಿಂದಾನೇ." ಬಕೆಟ್ಟಿನಿಂದ ಬಲಗೈ ತೆಗೆದು ನೆಲಕ್ಕೆ ಬಡಿದಳು. ಮತ್ತೆ ಬಡಿದಳು. ನಾನು ಹಿಡಿದುಕೊಂಡೆ. ಹಿಡಿದರೂ ಬಡಿಯುತ್ತಲೇ ಇದ್ದಳು.

ಆಮೇಲೆ ಅವಳು ಶಾಲೆಗೆ ಹೋದಳು. ಹೋದಾಗಲೆಲ್ಲ ಮೇಸ್ತ್ರಿಯ ಕೈಯಲ್ಲಿ ಬೈಸಿಕೊಂಡು, ಕೂಲಿ ಕಳೆದುಕೊಂಡು ಹೋದಳು. ಪ್ರಿನ್ಸಿಪಾಲ್ ಇಲ್ಲ, ನಾಳೆ ಬನ್ನಿ. ಮುಂದಿನ ವಾರ ಬನ್ನಿ. ಮುಂದಿನ ವರ್ಷ ಮತ್ತೆ ಪರೀಕ್ಷೆ ಮಾಡುತ್ತೇವೆ. ನಾನು ಜೊತೆಗೆ ಹೋಗಿ ತಿರುಗಿಸಿ ಹೇಳಿದೆ. ನಿನ್ನ ಕೆಲಸ ಮಕ್ಕಳನ್ನು ಪಾಯಿಖಾನೆಗೆ ಕರೆದೊಯ್ಯುವುದು ಅಂತ ನನಗೂ ಒಂದು ದಿನ ಕರೆದು ನೆನಪಿಸಿದರು.

ಜೆನಾಯಿದಾ ನನಗೆ ಸಿಗುವುದೇ ಅಪರೂಪವಾಯಿತು. ಆ ಕೋಣೆಗೆ ಬೇರೆ ಆಯಾ, ಬೇರೆ ಪಾಯಿಖಾನೆ, ಊಟಕ್ಕೆ ಬೇರೆ ಹೊತ್ತು. ಒಮ್ಮೆ ಕಿಟಕಿಯಿಂದ ಇಣುಕಿದೆ. ಆ ಮಕ್ಕಳನ್ನು ನಾನು ದೂರುವುದಿಲ್ಲ, ಅವರನ್ನೂ ತಾಯಂದಿರು ಹೆತ್ತಿದ್ದಾರೆ. ಕತ್ತು ನಿಲ್ಲದ ಒಬ್ಬಳು ಇವಳ ಜಡೆ ಸವರುತ್ತಿದ್ದಳು. ಇವಳು ಕೆಂಪು ಮಣಿಗಳನ್ನು ಒಂದು ಬಟ್ಟಲಿಗೆ, ನೀಲಿ ಮಣಿಗಳನ್ನು ಇನ್ನೊಂದಕ್ಕೆ ಹಾಕುತ್ತಿದ್ದಳು. ತುಂಬಿದ ಮೇಲೆ ಯಾರೋ ಎರಡನ್ನೂ ಒಂದಾಗಿ ಸುರಿದರು. ಇವಳು ಮತ್ತೆ ಮೊದಲಿನಿಂದ ಶುರು ಮಾಡಿದಳು.

ಮನೆಯಲ್ಲೂ ಮಾತು ಕಡಿಮೆಯಾಯಿತು ಅಂತ ಲಿಬ್ರಾದಾ ಹೇಳಿದಳು. "ಆಡಿನ ಕಥೆ ಹೇಳು ಅಂದ್ರೆ ನೆಲ ನೋಡ್ತಾಳೆ. ನಾನು ಅವಳ ತಾಯಿ ಕಣೆ. ನನ್ನ ಮುಂದೆಯೂ ನೆಲ ನೋಡ್ತಾಳೆ."

ಬೇಸಿಗೆಯ ರಜೆಗೆ ಮುಂಚೆ ಶಾಲೆಯಲ್ಲಿ ಒಂದು ಸಂಜೆ ಹಬ್ಬ ಮಾಡುತ್ತಾರೆ. ಎಲ್ಲ ಸಂಸ್ಕೃತಿಗಳ ಹಬ್ಬ ಅಂತ ಹೆಸರು. ಬಣ್ಣದ ಕಾಗದದ ತೋರಣ, ಹತ್ತು ದೇಶದ ತಿಂಡಿ, ಕುಣಿತ. ಆ ಸಲ ಪ್ರಿನ್ಸಿಪಾಲರಿಗೆ ಒಂದು ಯೋಚನೆ ಹೊಳೆಯಿತು. ಶಾಲೆಗೆ ದುಡಿದ ಪಾಲಕರಿಗೆ ಸನ್ಮಾನ. ಲಿಬ್ರಾದಾ ಊರಿನ ಕಸೂತಿ ಅಂಗಿ ತೊಟ್ಟು ಬಂದು ತನ್ನ ಭಾಷೆಯಲ್ಲಿ ಎರಡು ಮಾತು ಆಡಬೇಕು. ನಾನು ಅದನ್ನು ಸ್ಪ್ಯಾನಿಷಿಗೆ ತರಬೇಕು, ಟೀಚರ್ ಇಂಗ್ಲಿಷಿಗೆ. ತರಗತಿಯಲ್ಲಿ ಬೇಡವಾದ ಮಾತು ವೇದಿಕೆಯ ಮೇಲೆ ತೋರಣಕ್ಕೆ ಬೇಕಾಯಿತು.

ಲಿಬ್ರಾದಾ ಒಪ್ಪುವುದಿಲ್ಲ ಅಂದುಕೊಂಡಿದ್ದೆ.

"ಅಲ್ಲಿ ಎಲ್ರೂ ಇರ್ತಾರಾ?" ಅಂತ ಕೇಳಿದಳು.

"ಇರ್ತಾರೆ."

"ಆ ದೊಡ್ಡ ಮೇಷ್ಟ್ರು ನಾಳೆ ಬಾ ಅಂತ ಎದ್ದು ಹೋಗೋಕೆ ಆಗಲ್ಲ ತಾನೇ?"

"ಆಗಲ್ಲ."

"ಹಂಗಾದ್ರೆ ಬರ್ತೀನಿ."

ಸಭಾಂಗಣ ತುಂಬಿತ್ತು. ಒಂದು ಕಡೆ ಇಂಗ್ಲಿಷಿನವರು, ಇನ್ನೊಂದು ಕಡೆ ಸ್ಪ್ಯಾನಿಷಿನವರು. ಯಾರೂ ಹೇಳಿರಲಿಲ್ಲ, ತಾವಾಗಿಯೇ ಹಾಗೆ ಕೂತಿದ್ದರು. ನಮ್ಮವರು ಹಿಂದೆ ಗೋಡೆಗೆ ಒರಗಿ ನಿಂತಿದ್ದರು. ಮುಂದಿನ ಸಾಲಿನಲ್ಲಿ ಆ ಕೋಣೆಯ ಮಕ್ಕಳು, ಅವರ ಮಧ್ಯೆ ಜೆನಾಯಿದಾ. ಪರದೆಯ ಮೇಲೆ ಆ ಶುಕ್ರವಾರದ ಫೋಟೋ, ಗೋಡೆಯಷ್ಟು ದೊಡ್ಡದು. ಲಿಬ್ರಾದಾ ಬಗ್ಗಿ ಸಲಿಕೆ ಊರಿದ್ದಾಳೆ, ನಗುತ್ತಿದ್ದಾಳೆ. ನನಗೆ ಅದನ್ನು ನೋಡಲಾಗಲಿಲ್ಲ.

ಪ್ರಿನ್ಸಿಪಾಲ್ ಹೊಗಳಿದರು. ಕೇಳದೆ ಕೊಡುವ ಜನ, ದೂರದೆ ದುಡಿಯುವ ಜನ. ಲಿಬ್ರಾದಾಳ ಕೈಗೆ ಹೂಗುಚ್ಛ ಕೊಟ್ಟು ಮೈಕಿನ ಮುಂದೆ ನಿಲ್ಲಿಸಿದರು. ಅವಳು ಹೂಗುಚ್ಛವನ್ನು ನೆಲದ ಮೇಲೆ ಇಟ್ಟಳು. ಪ್ರಿನ್ಸಿಪಾಲರ ಮುಖ ನೇರವಾಗಿ ನೋಡಿದಳು. ನಮ್ಮ ಹೆಂಗಸು ಗಂಡಸಿನ ಮುಖವನ್ನು, ಅದೂ ಮೇಷ್ಟರ ಮುಖವನ್ನು ಹಾಗೆ ನೋಡಿದ್ದು ನಾನು ಅದೇ ಮೊದಲು ಕಂಡದ್ದು.

"ನೀವು ಕರೆದ್ರಿ, ನಾವು ಬಂದ್ವಿ" ಅಂದಳು, ಮಳೆಯ ಮಾತಿನಲ್ಲಿ. "ನಮ್ಮೂರಲ್ಲಿ ಶಾಲೆಗೆ ಬೆವರು ಸುರಿಸಿದೋರ ಮಕ್ಕಳನ್ನ ಶಾಲೆ ಕೈಬಿಡಲ್ಲ. ನಾವು ಹೊರಗೆ ನಿಮ್ಮ ಕಳೆ ಕೀಳ್ತಿದ್ವಿ. ನೀವು ಒಳಗೆ ತಣ್ಣಗೆ ಕೂತ್ಕೊಂಡು ನನ್ನ ಮಗಳನ್ನ ಕಳೆ ಅಂತ ಕಿತ್ತು ಹಾಕಿದ್ರಿ. ಅವಳಿಗೆ ಮಾತು ಬರುತ್ತೆ. ಅವಳ ಮಾತು ಬರದೇ ಇರೋದು ನಿಮಗೆ. ನಂಗೆ ಹೂವು ಬೇಡ. ನನ್ನ ಮಗಳನ್ನ ಅವಳ ಕುರ್ಚಿಗೆ ವಾಪಸ್ ಕಳ್ಸಿ. ಕಳಿಸೋ ತನಕ ನಾನು ಇಲ್ಲಿಂದ ಇಳಿಯಲ್ಲ."

ಹಿಂದೆ ಗೋಡೆಯ ಹತ್ತಿರ ಅಬುಂದಿಯೊ ಟೋಪಿ ತೆಗೆದ.

ನಾನು ಸ್ಪ್ಯಾನಿಷಿಗೆ ತಿರುಗಿಸಿದೆ. ಒಂದು ಮಾತೂ ಬಿಡಲಿಲ್ಲ, ಒಂದು ಮಾತೂ ಸೇರಿಸಲಿಲ್ಲ. ಸ್ಪ್ಯಾನಿಷಿನವರು ಕೂತಿದ್ದ ಕಡೆ ಸದ್ದಡಗಿತು. ತಿನ್ನುತ್ತಿದ್ದವರು ತಿನ್ನುವುದನ್ನು ನಿಲ್ಲಿಸಿದರು.

ಅರೆಯಾನೊ ಟೀಚರ್ ಮೈಕು ತೆಗೆದುಕೊಂಡಳು. ಅವಳ ಮುಖ ಬಿಳಿಚಿಕೊಂಡಿತ್ತು. ಪ್ರಿನ್ಸಿಪಾಲರನ್ನು ನೋಡಿದಳು, ಜನರನ್ನು ನೋಡಿದಳು. ಇಂಗ್ಲಿಷಿನಲ್ಲಿ ಹೇಳಿದಳು. "ಈ ತಾಯಿ ಹೇಳ್ತಿದಾರೆ, ಈ ಶಾಲೆಗೆ ದುಡಿಯೋದು ಅವರಿಗೆ ಹೆಮ್ಮೆ ಅಂತೆ. ತಮ್ಮ ಮಗಳನ್ನ ಇಷ್ಟು ಚೆನ್ನಾಗಿ ನೋಡ್ಕೊಳ್ತಿರೋದಕ್ಕೆ ನಿಮಗೆಲ್ಲ ಧನ್ಯವಾದ ಅಂತೆ."

ಇಂಗ್ಲಿಷಿನವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅರ್ಧ ಸಭಾಂಗಣ ಚಪ್ಪಾಳೆ, ಅರ್ಧ ಸಭಾಂಗಣ ಮೌನ. ಲಿಬ್ರಾದಾ ನನ್ನ ತೋಳು ಹಿಡಿದಳು.

"ಯಾಕೆ ಚಪ್ಪಾಳೆ ಹೊಡೀತಿದಾರೆ? ಕುರ್ಚಿ ವಾಪಸ್ ಕೊಡ್ತಾರಂತಾ?"

ನನ್ನ ತಲೆಯೊಳಗೆ ಏನೋ ಹರಿದುಹೋಯಿತು. ಸೊಂಟ ಮುರಿದಾಗ ಸುಮ್ಮನಿದ್ದೆ, ಕುಳ್ಳಿ ಅಂದಾಗ ಸುಮ್ಮನಿದ್ದೆ, ನಮ್ಮ ಮಾತನ್ನು ಪಾಯಿಖಾನೆಗೆ ಅಟ್ಟಿದಾಗಲೂ ಆಯಿತು ಅಂದೆ. ಟೀಚರ್ ಕೈಯಿಂದ ಮೈಕು ಕಿತ್ತುಕೊಂಡೆ. ನನ್ನ ಹರಕು ಇಂಗ್ಲಿಷಿನಲ್ಲಿ ಕೂಗಿದೆ, "ನೋ! ಅವಳು ಧನ್ಯವಾದ ಹೇಳಿಲ್ಲ! ಅವಳು ಹೇಳಿದ್ದು ಅದಲ್ಲ!"

ಮೈಕು ಸತ್ತಿತು. ಯಾರೋ ಆರಿಸಿದ್ದರು. ನಾನು ಬರಿಬಾಯಲ್ಲೇ ಕೂಗುತ್ತಿದ್ದೆ, ನನ್ನ ಜೊತೆ ಲಿಬ್ರಾದಾಳೂ ಕೂಗುತ್ತಿದ್ದಳು. ಕಾವಲಿನವನು ಮೆಟ್ಟಿಲು ಹತ್ತಿ ಬರುತ್ತಿದ್ದ. ಇಬ್ಬರು ಗುಡ್ಡದ ಹೆಂಗಸರು ವೇದಿಕೆಯ ಮೇಲೆ ಕೈ ಬೀಸುತ್ತಾ ಅರಚುವುದನ್ನು ಊರೆಲ್ಲ ನೋಡುತ್ತಿತ್ತು.

ಆಗ ಜೆನಾಯಿದಾ ಎದ್ದು ಬಂದಳು. ಅವಳನ್ನು ಯಾರೂ ಕಳಿಸಲಿಲ್ಲ. ಮೆಟ್ಟಿಲು ಹತ್ತಿ, ತಾಯಿಯ ಲಂಗ ಹಿಡಿದು ಜಗ್ಗಿದಳು. ಕಿವಿಯ ತನಕ ಕೆಂಪಾಗಿದ್ದಳು. ಅಷ್ಟೂ ಜನರ ಎದುರಿಗೆ, ಸ್ಪಷ್ಟವಾಗಿ, ಇಂಗ್ಲಿಷಿನಲ್ಲಿ ಹೇಳಿದಳು.

"ಸಿಟ್ ಡೌನ್. ಬಿ ಕ್ವಯಟ್. ಸಿಟ್ ಡೌನ್."

ಆ ಕೋಣೆಯಲ್ಲಿ ಬೆಳಗಿನಿಂದ ಸಂಜೆಯ ತನಕ ಅವಳ ಕಿವಿಗೆ ಬಿದ್ದದ್ದು ಅಷ್ಟೇ.

ಮುಂದಿನ ಸಾಲಿನ ಯಾರೋ 'ಅಯ್ಯೋ, ಎಷ್ಟು ಮುದ್ದು' ಅಂದರು. ಅರೆಯಾನೊ ಟೀಚರ್ ಎದೆಯ ಮೇಲೆ ಕೈ ಇಟ್ಟುಕೊಂಡಳು. "ಕೇಳಿದ್ರಾ? ಮಾತಾಡಿದ್ಳು! ಜೆನಾಯಿದಾ ಇಂಗ್ಲಿಷ್ ಮಾತಾಡಿದ್ಳು!" ಅವಳ ಕಣ್ಣಲ್ಲಿ ನಿಜವಾದ ನೀರಿತ್ತು. ಪ್ರಿನ್ಸಿಪಾಲ್ ಮತ್ತೆ ಚಪ್ಪಾಳೆ ಶುರು ಮಾಡಿದರು.

ಲಿಬ್ರಾದಾ ಮಗಳನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಆ ಗದ್ದಲದಲ್ಲಿ ಅವಳ ದನಿ ನನಗೆ ಮಾತ್ರ ಕೇಳಿಸಿತು.

"ಮಕ್ರೀನಾ, ನನ್ನ ಮಗಳು ನಂಗೆ ಏನಂದ್ಳು?"

ತಾಯಿಗೆ ಮಗಳ ಮಾತನ್ನು ನಾನು ತಿರುಗಿಸಿ ಹೇಳಬೇಕಾಯಿತು.

"ಸುಮ್ನೆ ಕೂತ್ಕೋ ಅಂದ್ಳು" ಅಂದೆ.

ಲಿಬ್ರಾದಾ ಬಗ್ಗಿ ಮಗಳ ತಲೆ ಸವರಿದಳು. ನಿಧಾನವಾಗಿ ಸೊಂಟ ನೆಟ್ಟಗೆ ಮಾಡಿದಳು. ಕೂರಲಿಲ್ಲ.